ನಿವೃತ್ತಿಗೆ ಮೊದಲೇ ಒಮ್ಮೆ ನಿವೃತ್ತನಾಗಿ ನೋಡಿದ್ದು

ಮೇ 31ರ ಸಂಜೆ ನಮ್ಮ ಕಡೆಯ ಯಾವ ಸರ್ಕಾರಿ ಕಚೇರಿಗೆ ಹೋದರೂ ಹಾರ, ಶಾಲು, ಫಲತಾಂಬೂಲ ಕಾಣುತ್ತವೆ. ನಮ್ಮ ತಲೆಮಾರಿನ ಎಷ್ಟೋ ಜನರ ಹುಟ್ಟಿದ ತಾರೀಖನ್ನು ಬರೆದವರು ಶಾಲೆಯ ಮೇಷ್ಟ್ರು. ಒಂದನೇ ತರಗತಿಗೆ ವಯಸ್ಸು ಕೂಡಿಬರಲೆಂದು ಮೇ ತಿಂಗಳ ಯಾವುದೋ ದಿನ, ಇಲ್ಲವೇ ಜೂನ್ 1 ಹಾಕಿಬಿಟ್ಟರು. ರಾಜ್ಯ ಸರ್ಕಾರಿ ನೌಕರರಿಗೆ ನಿವೃತ್ತಿ 60ಕ್ಕೆ, ಅದೂ ಅರವತ್ತು ತುಂಬಿದ ತಿಂಗಳ ಕೊನೆಯ ದಿನ. ಒಂದನೇ ತಾರೀಖು ಹುಟ್ಟಿದವರಿಗೆ ಹಿಂದಿನ ತಿಂಗಳ ಕೊನೆಯ ದಿನ. ಹಾಗಾಗಿ ಮೇನಲ್ಲಿ ಹುಟ್ಟಿದವರೂ ಜೂನ್ ಒಂದರವರೂ ಒಂದೇ ಸಂಜೆ ಎದ್ದು ಹೋಗುತ್ತಾರೆ. ನೀರು ಸರಬರಾಜಿಗೆ ಇದಕ್ಕಿಂತ ಕೆಟ್ಟ ದಿನವಿಲ್ಲ. ಮಳೆ ಹಿಡಿದಿರುವುದಿಲ್ಲ, ಟ್ಯಾಂಕು ತುಂಬುವುದು ತಡ, ದೂರು ಜಾಸ್ತಿ, ಯಾವ ಬೀದಿಯ ವಾಲ್ವು ಎಲ್ಲಿದೆಯೆಂದು ಬಲ್ಲವನು ಮನೆ ಸೇರಿರುತ್ತಾನೆ.

ಮಂಡ್ಯ ಜಿಲ್ಲೆಯ ಪಟ್ಟಣಗಳಲ್ಲಿ ನೀರು ಹಂಚುವ ಕೆಲಸ ಮಾಡಿ, ಮೇ 31ಕ್ಕೆ ನಿವೃತ್ತನಾಗಿ, ಮೈಸೂರಿನಲ್ಲಿ ನೆಲೆ ನಿಂತವನು ನಾನು. ಕೆಲಸ ಒಪ್ಪಿಸಿದ್ದು, ಮನೆ ಆರಿಸಿದ್ದು, ಈ ಎರಡನ್ನೂ ಒಂದೇ ರೀತಿಯಲ್ಲಿ ಮಾಡಿದೆ. ಬಿಡುವ ಮೊದಲೇ ಬಿಟ್ಟವನಂತೆ ಇದ್ದು ನೋಡಿದೆ, ಕೊಳ್ಳುವ ಮೊದಲೇ ಇದ್ದು ನೋಡಿದೆ. ಹದಿನೆಂಟು ತಿಂಗಳು ಹಿಡಿಯಿತು. ಅದಕ್ಕಿಂತ ಕಡಿಮೆ ಸಮಯದಲ್ಲಿ ಆಗುತ್ತದೆಂದು ನನಗೆ ಅನಿಸುವುದಿಲ್ಲ.

ಮೊದಲು ಕಚೇರಿ. ಪ್ರಭಾರ ವಹಿಸಿಕೊಡುವುದೆಂದರೆ ನಮ್ಮಲ್ಲಿ ಬೀರುವಿನ ಕೀಲಿ, ಕಾಮಗಾರಿಯ ಅಳತೆ ಬರೆಯುವ ಎಂ.ಬಿ. ಪುಸ್ತಕಗಳು, ದಾಸ್ತಾನು ವಹಿ, ಕಡತಗಳ ಪಟ್ಟಿ, ಎರಡು ಸಹಿ. ಅಲ್ಲಿಗೆ ಮುಗಿಯಿತು. ತಲೆಯಲ್ಲಿರುವುದಕ್ಕೆ ಆ ಪಟ್ಟಿಯಲ್ಲಿ ಕಾಲಂ ಇಲ್ಲ. ಅದರ ಮೇಲೆ, ನಮ್ಮ ಜಾಗಕ್ಕೆ ಬರುವವರು ನಾವಿರುವಾಗ ಬರುವುದಿಲ್ಲ. ಹುದ್ದೆ ಖಾಲಿಯಾದ ಮೇಲೆ ಪಕ್ಕದ ಅಧಿಕಾರಿಗೆ ಹೆಚ್ಚುವರಿ ಪ್ರಭಾರ, ಆಮೇಲೆ ಯಾವಾಗಲೋ ನೇಮಕ. ಹೀಗಿರುವಾಗ ಕಲಿಸುವುದು ಯಾರಿಗೆ? ಹೊರಗುತ್ತಿಗೆಯ ಹುಡುಗರಿಗೆ. ಅಧಿಕಾರಿ ಯಾರೇ ಬರಲಿ, ಬೆಳಗ್ಗೆ ಐದಕ್ಕೆ ವಾಲ್ವು ತಿರುಗಿಸುವ ಉದ್ದನೆಯ ಟೀ ಕೀ ಹೆಗಲ ಮೇಲೆ ಹೊತ್ತು ಹೊರಡುವವನು ಅವನೇ. ಅವನಿಗೆ ಗೊತ್ತಿದ್ದರೆ ಊರಿಗೆ ನೀರು ಹೋಗುತ್ತದೆ.

ನಿವೃತ್ತಿಗೆ ಹದಿನೆಂಟು ತಿಂಗಳಿದ್ದಾಗ, ನವೆಂಬರಿನಲ್ಲಿ, 200 ಪುಟದ ಉದ್ದ ರಿಜಿಸ್ಟರು ತಂದು ವಾಲ್ವಿಗೊಂದು ಪುಟ ಹಾಕಿದೆ. ಡಾಂಬರು ಹೊಸದಾಗಿ ಬಿದ್ದಾಗಲೆಲ್ಲ ವಾಲ್ವು ಕೂತಿರುವ ಗುಂಡಿಗಳು, ಅಂದರೆ ಚೇಂಬರುಗಳು, ಒಂದಷ್ಟು ಮುಚ್ಚಿಹೋಗುತ್ತವೆ, ಹುಡುಕುವವನು ನೆಲ ಕುಟ್ಟಿ ಸದ್ದು ಕೇಳಿ ಹುಡುಕಬೇಕು. ಮೊಬೈಲಿನಲ್ಲಿ ಜಾಗ ಗುರುತು ಮಾಡಿಟ್ಟರೆ ಸಾಕು ಎಂದು ಹುಡುಗರು ಹೇಳುತ್ತಾರೆ. ಅದು ನಾಲ್ಕೈದು ಮೀಟರು ಆಚೀಚೆ ತೋರಿಸಿದರೆ ಎರಡಡಿ ಅಗಲದ ಚೇಂಬರು ಸಿಕ್ಕುವುದಿಲ್ಲ, ರಸ್ತೆ ಎರಡು ಕಡೆ ಅಗೆದು ಜನರಿಂದ ಮಾತು ಕೇಳುವುದಾಗುತ್ತದೆ. ಟೇಪು ಹಿಡಿದು ಅಳೆಯುವುದೇ ಸರಿ. ಮೂರು ಗುರುತಿನಿಂದ ಅಳೆಯಬೇಕು. ವಿದ್ಯುತ್ ಕಂಬವನ್ನು ಗುರುತಾಗಿ ಇಟ್ಟುಕೊಳ್ಳಬಾರದು, ಕಂಬ ಸ್ಥಳಾಂತರವಾಗುತ್ತದೆ. ಕಾಂಪೌಂಡಿನ ಮೂಲೆ, ಮೋರಿಯ ಕಟ್ಟೆ, ಗುಡಿಯ ಗರುಡಗಂಬ ನಿಲ್ಲುತ್ತವೆ. ಒಂದು ಪುಟ ಹೀಗಿತ್ತು:

"ವಾಲ್ವ್ 34. ಸ್ಲೂಸ್, 150 ಮಿ.ಮೀ. ಮಾರಿಗುಡಿ ಹಿಂದಿನ ಬೀದಿ. ಗರುಡಗಂಬದಿಂದ 7.40 ಮೀ., ಹಿಟ್ಟಿನ ಗಿರಣಿ ಮೂಲೆಯಿಂದ 4.15, ಮೋರಿ ಕಟ್ಟೆಯಿಂದ 2.60. ಆಳ 90 ಸೆಂ.ಮೀ. ಪೂರ್ತಿ 20 ಸುತ್ತು. ಎಡಕ್ಕೆ ತಿರುಗಿಸಿದರೆ ಮುಚ್ಚುತ್ತದೆ. ದಿನ ಬಿಟ್ಟು ದಿನ, ಬೆಳಗ್ಗೆ 5.30ರಿಂದ 8. ಹನ್ನೆರಡೇ ಸುತ್ತು ತೆರೆಯುವುದು. ಪೂರ್ತಿ ತೆರೆದರೆ ಮೇಲಿನ ಬೀದಿಗೆ ನೀರಿಲ್ಲ. ಮುಚ್ಚುವಾಗ ಕೊನೆಯ ನಾಲ್ಕು ಸುತ್ತು ನಿಧಾನ, ಮುಂದೆ ಹಳೆಯ ಎ.ಸಿ. ಪೈಪು."

ಇದರಲ್ಲಿ ಪ್ರತಿ ಮಾತಿಗೂ ಕಾರಣವಿದೆ. ಸಾಮಾನ್ಯವಾಗಿ ವಾಲ್ವು ಬಲಕ್ಕೆ ತಿರುಗಿಸಿದರೆ ಮುಚ್ಚುತ್ತದೆ. ಹಳೆಯ ಕೆಲವು ಮಾತ್ರ ತಿರುವು ಮುರುವು. ಹೊಸಬ ಬಲಕ್ಕೇ ಬಿಗಿದು ಬಿಗಿದು ವಾಲ್ವಿನ ತಿರುಗುವ ಕಂಬಿ, ಸ್ಪಿಂಡಲ್, ತುಂಡು ಮಾಡುತ್ತಾನೆ. ಅಡ್ಡ ಹಲಗೆ ಇಳಿದು ನೀರು ತಡೆಯುವ ಸ್ಲೂಸ್ ವಾಲ್ವಿನಲ್ಲಿ ಹರಿವು ನಿಜವಾಗಿ ಕಡಿಯುವುದು ಮುಚ್ಚುವ ಕೊನೆಯ ಹಂತದಲ್ಲಿ. ಅಲ್ಲಿ ಅವಸರ ಮಾಡಿದರೆ ಓಡುತ್ತಿದ್ದ ನೀರು ಬಡಿದು, ಕಲ್ನಾರು ಸಿಮೆಂಟಿನ ಹಳೆಯ ಎ.ಸಿ. ಪೈಪಿನ ಜಾಯಿಂಟು ಬಿಡುತ್ತದೆ. ಪೂರ್ತಿ ತೆರೆದ ಮೇಲೆ ಕಾಲು ಸುತ್ತು ಹಿಂದಕ್ಕೆ ತರಬೇಕು, ಇಲ್ಲದಿದ್ದರೆ ಮುಂದಿನ ಸಲ ಕಚ್ಚಿಕೊಂಡಿರುತ್ತದೆ. ಸ್ಪಿಂಡಲಿನ ಸುತ್ತ ನೀರು ಸೋರದಂತೆ ತುಂಬುವ ಗ್ಲ್ಯಾಂಡ್ ರೋಪ್ ಯಾವಾಗ ಬದಲಿಸಿದ್ದು ಎಂದು ಪುಟದ ಕೆಳಗೆ ಪೆನ್ಸಿಲಿನಲ್ಲಿ ಬರೆದೆ, ಅಳಿಸಿ ಹೊಸ ತಾರೀಖು ಹಾಕಲು.

ಇನ್ನೊಂದು ಬಗೆಯ ತಿಳಿವಳಿಕೆ ಇದೆ, ಅದನ್ನು ಬರೆಯಲು ಜನ ಹಿಂಜರಿಯುತ್ತಾರೆ, ಬರೆಯದಿದ್ದರೆ ಮಾತ್ರ ತುಂಬ ನಷ್ಟ. ಯಾವ ಬೀದಿಯ ಕೊನೆಯ ಮನೆಗೆ ನೀರು ಮುಟ್ಟಿತೆಂದರೆ ಇಡೀ ಬೀದಿಗೆ ಮುಟ್ಟಿದಂತೆ, ಕ್ಲೋರಿನ್ ಪರೀಕ್ಷೆಗೆ ಯಾವ ನಲ್ಲಿ ಹಿಡಿಯಬೇಕು (ಕೊನೆಯ ನಲ್ಲಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಉಳಿದಿರಬೇಕು), ಯಾವ ಮನೆಯ ಬಾಣಂತಿಗೋ ಹಾಸಿಗೆ ಹಿಡಿದವರಿಗೋ ನೀರು ತಪ್ಪಿದರೆ ಟ್ಯಾಂಕರ್ ಕಳಿಸಬೇಕು. ಜಾತ್ರೆಗೆ ಎಷ್ಟು ದಿನ ಮೊದಲು ಟ್ಯಾಂಕು ತೊಳೆಸಬೇಕು, ವಿಶ್ವೇಶ್ವರಯ್ಯ (ವಿ.ಸಿ.) ನಾಲೆ ನಿಂತಾಗ ಯಾವ ಕೊಳವೆಬಾವಿಯ ಮಟ್ಟ ಮೊದಲು ಇಳಿಯುತ್ತದೆ, ಇವಕ್ಕೆ ಕೊನೆಯ ಮೂವತ್ತು ಪುಟ ಬಿಟ್ಟಿದ್ದೆ.

ನಾನೇ ಕೂತು ಬರೆದ ಪುಟಗಳು ಅಷ್ಟು ಪ್ರಯೋಜನಕ್ಕೆ ಬರಲಿಲ್ಲ. ಗೊತ್ತಿದ್ದವನು ಬರೆದರೆ ಗೊತ್ತಿರುವುದೆಲ್ಲ ಬಿಟ್ಟುಹೋಗುತ್ತದೆ. ಹುಡುಗನ ಕೈಗೆ ಕೀ ಕೊಟ್ಟು, ನಾನು ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ನಿಂತು, ಅವನು ಎಲ್ಲಿ ನಿಂತು ನನ್ನ ಮುಖ ನೋಡಿದನೋ ಅದನ್ನು ಬರೆದ ಪುಟಗಳೇ ಕೆಲಸಕ್ಕೆ ಬಂದವು. "ಸಾರ್, ಎಷ್ಟು ಸುತ್ತು?" ಎಂದಾಗ ಉತ್ತರ ಹೇಳದೆ, "ನೀನೇ ಎಣಿಸಪ್ಪ, ಎಣಿಸಿ ನೀನೇ ಬರಿ" ಎಂದು ಪುಸ್ತಕ ಅವನ ಕೈಗೆ ಕೊಟ್ಟರೆ ಅಕ್ಷರ ಅವನದೇ ಆಗುತ್ತದೆ. ತಾನು ಬರೆದದ್ದನ್ನು ಅವನು ತೆಗೆದು ನೋಡುತ್ತಾನೆ. ಸಾಹೇಬರು ಬರೆದದ್ದು ಬೀರುವಿನಲ್ಲೇ ಉಳಿಯುತ್ತದೆ.

ಮುಂದಿನ ಹೆಜ್ಜೆ ಇಡೀ ಕೆಲಸದಲ್ಲಿ ಮುಖ್ಯವಾದದ್ದು. ನಿವೃತ್ತಿಗೆ ಹದಿಮೂರು ತಿಂಗಳಿದ್ದಾಗ, ಏಪ್ರಿಲ್ ಮಧ್ಯದಿಂದ ಹದಿನೈದು ದಿನ ಗಳಿಕೆ ರಜೆ ಹಾಕಿ ಊರು ಬಿಟ್ಟೆ. ರಜೆ ಉಳಿಸಿದರೆ ದುಡ್ಡು ಬರುತ್ತದಲ್ಲ ಎಂದು ಅನೇಕರು ಕೇಳುತ್ತಾರೆ. ನಿವೃತ್ತಿಯಲ್ಲಿ ನಗದಾಗುವುದು ಗರಿಷ್ಠ 300 ದಿನ. ಲೆಕ್ಕದಲ್ಲಿ 300 ತುಂಬಿದವರಿಗೆ ಮೇಲಿನದು ಹೇಗೂ ಕಳೆದುಹೋಗುತ್ತದೆ, ಅದನ್ನು ಇದಕ್ಕೆ ಬಳಸಬೇಕು. ಬೇಸಿಗೆಯಲ್ಲೇ ಹೋಗಬೇಕು. ಮಳೆಗಾಲದಲ್ಲಿ ಹೋದರೆ ಯಾರೂ ಕರೆಯುವುದಿಲ್ಲ, ಏನೂ ತಿಳಿಯುವುದಿಲ್ಲ.

ಆ ಹದಿನೈದು ದಿನ ಬಂದ ಕರೆಗಳನ್ನೆಲ್ಲ ಬರೆದಿಟ್ಟೆ, 23 ಆದವು. ಮೊದಲ ನಾಲ್ಕು ದಿನದಲ್ಲೇ ಹದಿನಾಲ್ಕು. ಒಟ್ಟು 23ರಲ್ಲಿ ಒಂಬತ್ತಕ್ಕೆ ಉತ್ತರ ರಿಜಿಸ್ಟರಿನಲ್ಲೇ ಇತ್ತು, ಪುಟ ಸಿಕ್ಕಿರಲಿಲ್ಲ. ಅದಕ್ಕೆ ಬೀದಿಯ ಹೆಸರಿನ ಅಕಾರಾದಿ ಪಟ್ಟಿಯೊಂದನ್ನು ಮುಂದೆ ಅಂಟಿಸಿದೆ. ಆರು ಕರೆಗಳಿಗೆ ಪುಟವೇ ಇರಲಿಲ್ಲ, ಬರೆದೆ. ಉಳಿದ ಎಂಟು ನನ್ನಿಂದ ಆಗಬೇಕಾದ ಕೆಲಸವೇ ಅಲ್ಲ. ಗುತ್ತಿಗೆದಾರನಿಗೆ ನಾನು ಹೇಳಿದರೆ ಕೇಳುತ್ತಾನೆ, ಬೇರೆಯವರು ಹೇಳಿದರೆ ಇಲ್ಲ ಎಂಬಂಥವು. ಇದು ಕಾಗದದಲ್ಲಿ ಸರಿಹೋಗುವುದಿಲ್ಲ. ಮುಂದಿನ ಒಂದು ವರ್ಷ ಅಂಥ ಪ್ರತಿ ಮಾತನ್ನೂ ಕಿರಿಯ ಇಂಜಿನಿಯರ ಬಾಯಿಂದಲೇ ಹೇಳಿಸಿದೆ, ನಾನು ಎದುರಿಗಿದ್ದರೂ. ಹಿರಿಯನೊಬ್ಬನ ಹೆಸರಿನ ಮೇಲೆ ನಡೆಯುವ ಕಚೇರಿ ಅವನು ಹೋದ ವಾರವೇ ಕುಸಿಯುತ್ತದೆ. ಅದನ್ನು ಕಂಡು ಹೆಮ್ಮೆಪಡುವವರಿದ್ದಾರೆ, ನನಗೆ ಅದು ಕೆಲಸ ಅರ್ಧಕ್ಕೆ ಬಿಟ್ಟಂತೆ ಕಾಣುತ್ತದೆ.

ಆ ರಜೆಯನ್ನು ಕಳೆದದ್ದು ಮೈಸೂರಿನಲ್ಲಿ, ಕುವೆಂಪುನಗರದ ಒಂದು ಕೋಣೆಯಲ್ಲಿ. ಒಂದೇ ರಜೆಯಲ್ಲಿ ಎರಡು ಪರೀಕ್ಷೆ.

ಮನೆಯ ವಿಚಾರದಲ್ಲಿ ನಮ್ಮ ಮುಂದೆ ಮೂರು ದಾರಿ ಇದ್ದವು: ಹುಟ್ಟಿದೂರು, ಮಂಡ್ಯ, ಮೈಸೂರು. ಊರಲ್ಲಿ ಜಮೀನಿದೆ, ಗಾಳಿ ಚೆನ್ನ. ಕಡೆಯ ಬಸ್ಸು ಸಂಜೆ ಏಳೂವರೆಗೆ, ರಾತ್ರಿ ಎದೆನೋವು ಬಂದರೆ ವಾಹನವಿರುವವರ ಮನೆ ಬಾಗಿಲು ತಟ್ಟಬೇಕು. ಕೂಲಿಯವರು ಸಿಗದೆ ತೋಟ ನೋಡಿಕೊಳ್ಳಲಾಗದ ನಿವೃತ್ತರನ್ನು ಹತ್ತಿರದಿಂದ ಕಂಡಿದ್ದೇನೆ. ಮಂಡ್ಯ ಹಗುರ: ಬಾಡಿಗೆ ಕಡಿಮೆ, ಪರಿಚಿತರೆಲ್ಲ ಅಲ್ಲೇ, ಮಿಮ್ಸ್ ಆಸ್ಪತ್ರೆ ಊರೊಳಗೇ. ಆದರೆ ನೀರಿನ ಕೆಲಸ ಮಾಡಿದವನು ಅದೇ ಊರಿನಲ್ಲಿ ನಿವೃತ್ತನಾಗಿ ಉಳಿದರೆ ಬೆಳಗ್ಗೆ ಗೇಟಿನ ಮುಂದೆ ಬಿಂದಿಗೆ ಹಿಡಿದವರು ನಿಲ್ಲುವುದು ತಪ್ಪದು. ಹೊಸದಾಗಿ ಬಂದವರಿಗೂ ಅದು ಮುಜುಗರ. ಮೈಸೂರು 45 ಕಿ.ಮೀ., ರೈಲಿನಲ್ಲಿ ಒಂದು ಗಂಟೆಯೊಳಗೆ, ಬೇಕಾದಾಗ ಹೋಗಿ ಬರುವಷ್ಟು ಹತ್ತಿರ, ದಿನಾ ಕರೆಸಿಕೊಳ್ಳಲಾಗದಷ್ಟು ದೂರ.

ಮೈಸೂರನ್ನು ಪಿಂಚಣಿದಾರರ ಸ್ವರ್ಗ ಎನ್ನುವುದು ವಾಡಿಕೆ. ಹೃದಯಕ್ಕೆ ಜಯದೇವ, ಬಡವರಿಗೂ ಬಾಗಿಲು ತೆರೆದ ಕೆ.ಆರ್. ಆಸ್ಪತ್ರೆ, ಕಿವಿ ಮಂದವಾದವರಿಗೆ 1965ರಿಂದ ಇರುವ ವಾಕ್ ಶ್ರವಣ ಸಂಸ್ಥೆ, ನಡೆಯಲು ಕುಕ್ಕರಹಳ್ಳಿ ಕೆರೆ ಏರಿ, ಇವೆಲ್ಲ ನಿಜವಾದ ಅನುಕೂಲಗಳು. ಆದರೆ ಸರಸ್ವತಿಪುರಂ, ಒಂಟಿಕೊಪ್ಪಲು, ಕುವೆಂಪುನಗರಗಳ ಹಳೆಯ ಬೀದಿಗಳಲ್ಲಿ ಸುತ್ತಿದರೆ ಬೇರೆಯದೂ ಕಾಣುತ್ತದೆ. ಮೂವತ್ತು ವರ್ಷದ ಹಿಂದೆ ಮಕ್ಕಳಿಗೆಂದು ಮಹಡಿ ಕಟ್ಟಿದ ಮನೆಗಳಲ್ಲಿ ಇಬ್ಬರೇ ಇದ್ದಾರೆ, ಮೇಲಿನದು ಬೀಗ ಹಾಕಿದೆ ಅಥವಾ ಪಿ.ಜಿ. ಆಗಿದೆ. ಬೀದಿಯ ದಿನಸಿ ಅಂಗಡಿ ಹೋಗಿ ಮೆಡಿಕಲ್ ಸ್ಟೋರು ಬಂದಿದೆ. ಅರವತ್ತಕ್ಕೆ ದೊಡ್ಡ ಮನೆ ಕಟ್ಟುವುದು ಎಂಬತ್ತಕ್ಕೆ ಹೊರಲಾಗದ ಭಾರ. ಎರಡು ಕೋಣೆ, ನೆಲಮಹಡಿ, ಇದು ನಮ್ಮ ನಿರ್ಧಾರ.

ಮನೆ ನೋಡುವಾಗ ನಾನು ಮೊದಲು ನೋಡಿದ್ದು ನಲ್ಲಿ. 15 ಲೀಟರ್ ಬಕೆಟ್ ಮೀಟರಿನ ಹತ್ತಿರದ ನಲ್ಲಿಗೆ ಹಿಡಿದು ಗಡಿಯಾರ ನೋಡಬೇಕು. ಒಂದು ನಿಮಿಷದಲ್ಲಿ ತುಂಬಿದರೆ ಮೂರು ಗಂಟೆಗೆ 2,700 ಲೀಟರ್. ತಲೆಗೆ ದಿನಕ್ಕೆ 135 ಲೀಟರಿನಂತೆ ಇಬ್ಬರಿಗೆ 270, ಮಕ್ಕಳು ಬಂದ ದಿನ 600. ದಿನ ಬಿಟ್ಟು ದಿನ ನೀರು ಬರುವ ಬೀದಿಯಾದರೂ 2,000 ಲೀಟರ್ ಸಂಪು ಸಾಕು, ಅದಕ್ಕಿಂತ ದೊಡ್ಡದು ತೊಳೆಯಲು ಕಷ್ಟ. ನಾಲ್ಕು ನಿಮಿಷ ಹಿಡಿಯಿತೆಂದರೆ ಆ ಮನೆ ಪೈಪಿನ ತುದಿಯಲ್ಲಿದೆ ಅಥವಾ ಎತ್ತರದಲ್ಲಿದೆ, ಮೇ ತಿಂಗಳಲ್ಲಿ ಕಷ್ಟ. ನವೆಂಬರಿನಲ್ಲಿ ನೋಡಿ ಒಪ್ಪಿಕೊಂಡವರು ಇಲ್ಲೇ ಮೋಸ ಹೋಗುವುದು. ಏಪ್ರಿಲ್‌ನಲ್ಲಿ ನೋಡಬೇಕು, ನೀರು ಬಿಡುವ ಹೊತ್ತಿಗೇ ಹೋಗಬೇಕು.

ರಿಂಗ್ ರಸ್ತೆಯ ಆಚೆಯ ಖಾಸಗಿ ಬಡಾವಣೆಗಳಲ್ಲಿ ಕೇಳಬೇಕಾದ್ದು ಒಂದೇ: ನಲ್ಲಿಯ ನೀರು ಕಾವೇರಿ-ಕಬಿನಿಯದೋ, ಬಡಾವಣೆ ಮಾಡಿದವನ ಬೋರಿನದೋ? ಬೋರಾದರೆ ಸ್ನಾನದ ಮನೆಯ ನಲ್ಲಿ ಬಾಯಿ ನೋಡಿ, ಬಿಳಿ ಹಕ್ಕಳೆ ಕಟ್ಟಿದ್ದರೆ ಗಡಸು ನೀರು. ಒಂದು ಬಾಟಲಿ ಹಿಡಿದು ಪರೀಕ್ಷೆಗೆ ಕೊಡಿ. ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರಿಲ್ಲದ ಕಡೆ 600ರವರೆಗೆ ಒಪ್ಪುತ್ತಾರೆ. 600 ದಾಟಿದರೆ ಗೀಸರ್ ಕಾಯಿಲ್ ಉಳಿಯುವುದಿಲ್ಲ, ಬೇಳೆ ಬೇಯುವುದಿಲ್ಲ. ಅಲ್ಲಿಯ ಸೈಟಿನ ಬೆಲೆ ಕಡಿಮೆ ಎನಿಸಿದರೆ ದಾಖಲೆ ಎರಡು ಸಲ ನೋಡಬೇಕು: ಭೂಪರಿವರ್ತನೆ ಆದೇಶ, ಅನುಮೋದಿತ ನಕ್ಷೆ, ಪಂಚಾಯಿತಿ ವ್ಯಾಪ್ತಿಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ, ಮೂವತ್ತು ವರ್ಷದ ಋಣಭಾರ ಪತ್ರ (ಇ.ಸಿ.). ಒಂದು ಕಡಿಮೆಯಾದರೂ ಮುಂಗಡ ಕೊಡಬಾರದು.

ಇನ್ನು ಕಾಲಿನ ಲೆಕ್ಕ. ಹಾಲಿನ ಬೂತು, ತರಕಾರಿ, ಔಷಧಿ, ಬಸ್ ಸ್ಟಾಪು ನಾಲ್ಕೂ ಐನೂರು ಮೀಟರಿನೊಳಗೆ, ದೊಡ್ಡ ರಸ್ತೆ ದಾಟದೆ ಸಿಗಬೇಕು. ಇವತ್ತು ಸ್ಕೂಟರ್ ಇದೆ ಎನ್ನುವುದು ಲೆಕ್ಕಕ್ಕೆ ಬರುವುದಿಲ್ಲ, ಸ್ಕೂಟರ್ ಬಿಡುವ ದಿನ ಬರುತ್ತದೆ. ರಾತ್ರಿ ಹತ್ತಕ್ಕೆ ಆ ಬೀದಿಯಲ್ಲಿ ನಿಂತು ಆಟೋ ಕರೆದು ನೋಡಿದೆ. ದಟ್ಟಗಳ್ಳಿಯ ಕಡೆ ಒಂದು ಮನೆ ಬಹಳ ಹಿಡಿಸಿತ್ತು, ಆಟೋ ಬರಲು ಇಪ್ಪತ್ತೈದು ನಿಮಿಷ ಆದದ್ದರಿಂದ ಬಿಟ್ಟೆವು. ಬಚ್ಚಲಿನ ಬಾಗಿಲಿಗೆ ಟೇಪು ಹಿಡಿಯಿರಿ: ಅನೇಕ ಮನೆಗಳಲ್ಲಿ ಎರಡೂವರೆ ಅಡಿಯೂ ಇರುವುದಿಲ್ಲ, ಗಾಲಿಕುರ್ಚಿ ಹೋಗಲು ಮೂರಡಿ ಬೇಕು. ಬಾಗಿಲು ಹೊರಕ್ಕೆ ತೆರೆಯಬೇಕು. ಒಳಗೆ ಬಿದ್ದವರು ಒಳಕ್ಕೆ ತೆರೆಯುವ ಬಾಗಿಲಿಗೇ ಅಡ್ಡವಾದರೆ ಹೊರಗಿನವರು ಏನೂ ಮಾಡಲಾಗುವುದಿಲ್ಲ. ಹಿಡಿಕಂಬಿಯನ್ನು ಟೈಲ್ಸಿಗೆ ಅಂಟಿಸಬಾರದು, ಇಟ್ಟಿಗೆಯೊಳಗೆ ಬೋಲ್ಟು ಇಳಿಸಬೇಕು.

ಹಣದಲ್ಲಿ ತಪ್ಪಾಗುವುದು ಅವಸರದಿಂದ. ಗ್ರಾಚ್ಯುಟಿ, ಪಿಂಚಣಿ ಪರಿವರ್ತನೆಯ ಹಣ, ರಜೆ ನಗದು ಕೈಗೆ ಬಂದ ತಿಂಗಳೇ ಬ್ರೋಕರುಗಳಿಗೆ ಗೊತ್ತಾಗುತ್ತದೆ. ಮೈಸೂರಿನಲ್ಲಿ ಭೋಗ್ಯದ ಮನೆಗಳು ಬಹಳ: ಲಕ್ಷಗಟ್ಟಲೆ ಒಟ್ಟಿಗೆ ಕೊಟ್ಟು ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ಇರುವುದು. ನಿವೃತ್ತರಿಗೆ ಇದು ಲಾಭವೆಂದು ಕಾಣುತ್ತದೆ. ಯಜಮಾನ ಆ ಹಣವನ್ನು ಸಾಲ ತೀರಿಸಲೋ ಮದುವೆಗೋ ಹಾಕಿರುತ್ತಾನೆ. ಅವಧಿ ಮುಗಿದಾಗ ಮುಂದಿನ ಭೋಗ್ಯದವರು ಸಿಕ್ಕಿದರೆ ಮಾತ್ರ ವಾಪಸು. ಮನೆಯ ಮೇಲೆ ಬ್ಯಾಂಕ್ ಸಾಲವಿದ್ದು ಹರಾಜಿಗೆ ಬಂದರೆ ನೋಂದಣಿಯಾಗದ ಛಾಪಾಕಾಗದಕ್ಕೆ ಬಲವಿಲ್ಲ. ನಾನು ಬೇಡವೆಂದೇ ಹೇಳುತ್ತೇನೆ. ಮಾಡಲೇಬೇಕಾದರೆ ಇ.ಸಿ. ತೆಗೆಸಿ, ನೋಂದಣಿ ಮಾಡಿಸಿ.

ನಾವು ಮಾಡಿದ್ದು ಹನ್ನೊಂದು ತಿಂಗಳ ಬಾಡಿಗೆ ಕರಾರು. ಹನ್ನೊಂದೇ ಏಕೆಂದರೆ ವರ್ಷ ಮೀರಿದರೆ ನೋಂದಣಿ ಕಡ್ಡಾಯ. ಅಷ್ಟರಲ್ಲಿ ಒಂದು ಮಳೆಗಾಲ, ಒಂದು ದಸರಾ, ಒಂದು ಬೇಸಿಗೆ ಕಾಣಬಹುದು. ಅರಮನೆ, ನಜರಬಾದು, ಬನ್ನಿಮಂಟಪದ ಸುತ್ತ ಮನೆ ನೋಡುವವರು ದಸರೆಯ ಹತ್ತು ದಿನ ಅಲ್ಲಿದ್ದು ನೋಡಬೇಕು, ಆಂಬುಲೆನ್ಸು ಹೋಗಲು ಯಾವ ಬೀದಿ ಉಳಿಯುತ್ತದೆಂದು ಆಗ ತಿಳಿಯುತ್ತದೆ. ಉಳಿದ ಹಣದಲ್ಲಿ ಸ್ವಲ್ಪವನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯಕ್ಕೆ ಹಾಕಿದೆ. ಆಗ ಬಡ್ಡಿ ಶೇ 8.2, ಮಿತಿ 30 ಲಕ್ಷ, ಪೂರ್ತಿ ಇಟ್ಟವರಿಗೆ ಮೂರು ತಿಂಗಳಿಗೆ 61,500 ರೂಪಾಯಿ. ಮನೆಗೆಂದು ಎತ್ತಿಟ್ಟ ಹಣವನ್ನು ಅಲ್ಲಿ ಇಡಬಾರದು. ವರ್ಷದೊಳಗೆ ಮುರಿಸಿದರೆ ಕೊಟ್ಟ ಬಡ್ಡಿಯನ್ನೂ ಹಿಡಿದುಕೊಳ್ಳುತ್ತಾರೆ.

ಪಿಂಚಣಿ ಕಾಗದಗಳು ಡಿಸೆಂಬರಿನೊಳಗೆ ಕಚೇರಿಯಿಂದ ಹೊರಡುವಂತೆ ನೋಡಿಕೊಂಡೆ. ಮಹಾಲೇಖಪಾಲರ ಕಚೇರಿಯಿಂದ ಆಕ್ಷೇಪಣೆಯಾಗಿ ತಿರುಗಿ ಬರುವುದು ದೊಡ್ಡ ವಿಷಯಕ್ಕಲ್ಲ. ಸೇವಾ ಪುಸ್ತಕದಲ್ಲಿ ಯಾವುದೋ ವರ್ಷದ ಸೇವಾ ಪರಿಶೀಲನೆಗೆ ಸಹಿ ಇಲ್ಲದಿರುವುದು, ಹೆಂಡತಿಯ ಹೆಸರು ಆಧಾರಿನಲ್ಲಿ ಒಂದು ರೀತಿ ಪುಸ್ತಕದಲ್ಲಿ ಒಂದು ರೀತಿ ಇರುವುದು, ಇಪ್ಪತ್ತು ವರ್ಷದ ಹಿಂದಿನ ವೇತನ ನಿಗದಿಯ ಆದೇಶದ ಪ್ರತಿ ಸಿಗದಿರುವುದು. ಎಂ.ಬಿ. ಒಂದೂ ಬಾಕಿ ಉಳಿಸಬಾರದು, ಬೇಬಾಕಿ ಪತ್ರ ಅಲ್ಲೇ ನಿಲ್ಲುತ್ತದೆ. ಪಿಂಚಣಿ ಪಡೆಯುವ ಬ್ಯಾಂಕ್ ಶಾಖೆಯನ್ನು ಅರ್ಜಿಯಲ್ಲೇ ಬರೆಯಬೇಕು. ಯಾವ ಊರಿನಲ್ಲಿ ಇರುವುದೆಂದು ಅಷ್ಟರಲ್ಲಿ ನಿರ್ಧಾರವಾಗಿದ್ದರೆ ಆಮೇಲೆ ವರ್ಗಾವಣೆಯ ಅಲೆದಾಟ ತಪ್ಪುತ್ತದೆ. 1-4-2006 ಮತ್ತು ಆಮೇಲೆ ಸೇರಿದವರ ಲೆಕ್ಕವೇ ಬೇರೆ, ಅವರದು ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ, ಎನ್.ಪಿ.ಎಸ್.

ನಿವೃತ್ತಿಯ ನಂತರ ಕರೆ ಬರುವುದು ನಿಲ್ಲಲಿಲ್ಲ, ನಿಲ್ಲಬೇಕೆಂದೂ ನಾನು ಬಯಸಿರಲಿಲ್ಲ. ಮೂರು ತಿಂಗಳು, ಸಂಜೆ ಏಳರಿಂದ ಎಂಟು ಎಂದು ಹೇಳಿದ್ದೆ. ಪೈಪು ಒಡೆದಿದ್ದರೆ ಮಾತ್ರ ಯಾವ ಹೊತ್ತಾದರೂ ಸರಿ. ಕೇಳಿದ್ದಕ್ಕೆ ನೇರ ಉತ್ತರ ಕೊಡದೆ ಪುಟದ ಸಂಖ್ಯೆ ಹೇಳುತ್ತಿದ್ದೆ. ಪುಟವಿಲ್ಲದಿದ್ದರೆ, ಉತ್ತರ ಹೇಳಿದ ಮೇಲೆ ಅದನ್ನು ಬರೆದು ಓದಿ ಹೇಳುವವರೆಗೆ ಫೋನು ಇಡುತ್ತಿರಲಿಲ್ಲ. ಜೂನ್‌ನಲ್ಲಿ ಹನ್ನೊಂದು ಕರೆ, ಜುಲೈನಲ್ಲಿ ನಾಲ್ಕು. ಆಗಸ್ಟ್‌ನಲ್ಲಿ ಬಂದದ್ದು ಒಂದೇ, ರಿಜಿಸ್ಟರಿನ ಪುಟ ತುಂಬಿದೆ, ಎರಡನೆಯದನ್ನು ಅದೇ ಅಳತೆಯದು ತರಲೇ ಎಂದು ಹುಡುಗ ಕೇಳಿದ.